ಏಳು ವಾರದ ಗಿಳಿ

ಕಳೆದ ವಾರ ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುವ ಸೆಲ್ವಿ ಬಟ್ಟೆಗಂಟನ್ನು ಬಾಗಿಲಲ್ಲಿಟ್ಟು, ಅಂಗೈ ಚಾಚಿ ಒಂದು ಸೂಜಿ ತೋರಿಸಿದಳು. "ಸಾರ್, ಉಂಗ ಸಟ್ಟೆ ಪಾಕೆಟ್‌ಲ ಇರುಂದುಚ್ಚು. ಎನ್ನ ಊಸಿ ಇದು, ಮೊನೆಯೇ ಇಲ್ಲ?" ಎಂದಳು. ನನ್ನ ಅಂಗಿಯ ಜೇಬಿನಲ್ಲಿ ಸಿಕ್ಕಿತಂತೆ. ಮೊನೆಯೇ ಇಲ್ಲದ ಸೂಜಿ ಯಾವ ಕೆಲಸಕ್ಕೆ ಎಂದು ಅವಳಿಗೆ ಆಶ್ಚರ್ಯ. ಮಗಳದ್ದು ಎಂದು ಹೇಳಿ ಈಸಿಕೊಂಡೆ. ನೋಡಿ, ಇಷ್ಟೆಲ್ಲ ಆದಮೇಲೂ ನನ್ನ ಬಾಯಿಗೆ ಮೊದಲು ಬರುವುದು ಸುಳ್ಳೇ.

ಆ ಸೂಜಿ ನನ್ನದು. ಅದರಿಂದ ಮಾಡುವ ಹೊಲಿಗೆಯನ್ನು ಇಂಗ್ಲಿಷಿನಲ್ಲಿ ನೀಡಲ್‌ಪಾಯಿಂಟ್ ಎನ್ನುತ್ತಾರೆ. ಪಾಯಿಂಟೇ ಇಲ್ಲದ ಸೂಜಿಯ ಕೆಲಸಕ್ಕೆ ಆ ಹೆಸರು ಯಾರಿಟ್ಟರೋ. ಗಂಜಿ ಹಾಕಿದ ಹಾಗೆ ಬಿರುಸಾದ ಜಾಲರಿ ಬಟ್ಟೆ ಕೊಡುತ್ತಾರೆ. ಅದರ ಮೇಲೆ ಬಣ್ಣದಲ್ಲಿ ಚಿತ್ರ ಬರೆದಿರುತ್ತದೆ. ಒಂದು ಕಿಂಡಿಯಲ್ಲಿ ಉಣ್ಣೆ ನೂಲನ್ನು ಮೇಲೆತ್ತಿ, ಓರೆಯಾಗಿ ಮೇಲಿನ ಕಿಂಡಿಯಲ್ಲಿ ಇಳಿಸಬೇಕು. ಇಷ್ಟೇ ಕೆಲಸ. ಬಟ್ಟೆ ಕಾಣದಷ್ಟು ತುಂಬುವವರೆಗೆ ಇದನ್ನೇ ಸಾವಿರಾರು ಸಲ ಮಾಡುತ್ತಾ ಹೋಗಬೇಕು. ನನ್ನದು ಅಂಗೈಯಗಲದ ಒಂದು ಹಸಿರು ಗಿಳಿ. ಡಬ್ಬಿಯ ಮೇಲೆ "ಹೊಸಬರಿಗೆ, ಒಂದು ವಾರಾಂತ್ಯದ ಕೆಲಸ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನನಗೆ ಏಳು ವಾರ ಹಿಡಿಯಿತು. ಆಗಲೂ ಮುಗಿಯಲಿಲ್ಲ.

ಹೊಲಿಗೆಗೂ ನನಗೂ ಹಳೆಯ ವೈರ. ಮಳವಳ್ಳಿಯ ಶಾಲೆಯಲ್ಲಿ ವಾರಕ್ಕೊಮ್ಮೆ ಕ್ರಾಫ್ಟ್ ಪೀರಿಯಡ್ ಇರುತ್ತಿತ್ತು. ಹುಡುಗಿಯರು ಮ್ಯಾಟಿ ಬಟ್ಟೆಯ ಮೇಲೆ ಕಸೂತಿ ಹಾಕುತ್ತಿದ್ದರು, ನಾವು ಹುಡುಗರು ತೋಟಕ್ಕೆ ನೀರು ಹಾಕುತ್ತಿದ್ದೆವು. ಒಮ್ಮೆ ನಾನು ಕೊಡದ ನೀರನ್ನೆಲ್ಲ ಗೆಳೆಯನ ತಲೆಗೆ ಸುರಿದದ್ದಕ್ಕೆ ಮೇಡಂ ಶಿಕ್ಷೆಯಾಗಿ ನನ್ನನ್ನು ಹುಡುಗಿಯರ ಸಾಲಿನಲ್ಲಿ ಕೂರಿಸಿ, ಒಂದು ತುಂಡು ಬಟ್ಟೆ ಕೊಟ್ಟು ಗುಂಡಿ ಹೊಲಿ ಎಂದರು. ತೊಡೆಯ ಮೇಲೆ ಬಟ್ಟೆ ಹರಡಿಕೊಂಡು ಬಹಳ ಶ್ರದ್ಧೆಯಿಂದ ಹೊಲಿದೆ. ಗಂಟೆ ಹೊಡೆಯಿತು, ಎದ್ದು ನಿಂತೆ. ಬಟ್ಟೆಯೂ ನನ್ನ ಜೊತೆ ಎದ್ದು ನಿಂತಿತು. ಅದನ್ನೂ ಗುಂಡಿಯನ್ನೂ ನನ್ನ ಚಡ್ಡಿಗೇ ಸೇರಿಸಿ ಹೊಲಿದಿದ್ದೆ. ಹಾಗೆಯೇ ಮನೆಯವರೆಗೆ ಓಡಿದೆ. ಅಮ್ಮ ಕತ್ತರಿ ಹಿಡಿದು ಕುಳಿತು, ನಗುವನ್ನು ತಡೆದುಕೊಳ್ಳಲಾರದೆ ಎರಡು ಸಲ ಎದ್ದು ಹೋದರು.

ನಗುವುದಕ್ಕೆ ನಮ್ಮ ಮನೆಯಲ್ಲಿ ಅಡ್ಡಿಯಿರಲಿಲ್ಲ. ಕೆಟ್ಟ ಸುದ್ದಿಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಮಾತ್ರ ಇರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ತಮಗೆ ಬಂದ ವರ್ಗಾವಣೆಯ ಆದೇಶವನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಒಂದು ತಿಂಗಳು ಸುಮ್ಮನಿದ್ದರು. ನವರಾತ್ರಿಗೆಂದು ಅಮ್ಮ ಪಟಗಳನ್ನು ಒರೆಸುವಾಗ ಅದು ಕೆಳಗೆ ಬಿತ್ತು. ಆಗ ಹೊರಡಲು ನಾಲ್ಕೇ ದಿನ ಉಳಿದಿತ್ತು. ಅಮ್ಮ ಎಷ್ಟು ಬೈದರೂ ಅಪ್ಪ ಹೇಳಿದ್ದು ಒಂದೇ ಮಾತು: "ಹೇಳೋಣ ಅಂತಲೇ ಇದ್ದೆ." ಆ ಮಾತು ನನಗೆ ಆಸ್ತಿಯಾಗಿ ಬಂದಿದೆ.

ಚೆನ್ನೈಗೆ ಬಂದು ಹನ್ನೊಂದು ವರ್ಷ. ಪೋರೂರಿನಲ್ಲಿ ಮನೆ, ಪೆರುಂಗುಡಿಯಲ್ಲಿ ಕಚೇರಿ. ಹೆಂಡತಿ ವಿನುತ ಇಲ್ಲೇ ಹತ್ತಿರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಹದಿಮೂರರ ಮಗಳು ಮೇಘನ ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಒಂದು ಮಂಗಳವಾರ ಕಚೇರಿಯಲ್ಲಿ ನನ್ನನ್ನು ಸಣ್ಣ ಕೋಣೆಗೆ ಕರೆದರು. ನಮ್ಮಲ್ಲಿ ಕೋಣೆಗಳಿಗೆಲ್ಲ ನದಿಗಳ ಹೆಸರು. ಅದು ಕಾವೇರಿ. ಹದಿನೈದು ನಿಮಿಷದಲ್ಲಿ ಎಲ್ಲ ಮುಗಿಯಿತು. ಕಂಪನಿ ಸಣ್ಣದಾಗುತ್ತಿದೆಯಂತೆ, ನನ್ನ ಕೆಲಸದಲ್ಲಿ ಏನೂ ಕೊರತೆಯಿಲ್ಲವಂತೆ, ಮೂರು ತಿಂಗಳು ಸಂಬಳ ಬರುತ್ತದಂತೆ, ನಾಳೆಯಿಂದ ಬರುವುದು ಬೇಡವಂತೆ. ಎದುರು ಕುಳಿತ ಹುಡುಗಿ ನನಗೆ ನೀರಿನ ಬಾಟಲಿಯನ್ನು ಸರಿಸಿ, ತಾನೇ ಅದನ್ನು ಕುಡಿದುಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಲ್ಯಾಪ್‌ಟಾಪು ಅವರದು, ವಾಪಸು ಕೊಟ್ಟೆ. ಬ್ಯಾಗು ನನ್ನದು. ಸಂಜೆ ಮನೆಗೆ ಬಂದು ಅದನ್ನು ಕುರ್ಚಿಯ ಮೇಲಿಟ್ಟಾಗ ಬ್ಯಾಗು ಹಸಿದ ಹೊಟ್ಟೆಯ ಹಾಗೆ ಒಳಕ್ಕೆ ಕುಸಿಯಿತು. ವಿನುತ ಅಡುಗೆಮನೆಯಿಂದ ಕಾಫಿ ತಂದಳು. ಹೇಳೋಣ ಅಂತಲೇ ಇದ್ದೆ. ಆದರೆ ಆಗ ಮೇಘನಾಳ ಟ್ಯೂಷನ್ ಮಾತು ಬಂತು, ಆಮೇಲೆ ಗ್ಯಾಸ್ ಸಿಲಿಂಡರಿನದು ಬಂತು. ಮರುದಿನ ಬೆಳಿಗ್ಗೆ ಎಂದಿನಂತೆ ಎಂಟಕ್ಕೆ ಹೊರಟೆ. ಬ್ಯಾಗಿಗೆ ಒಂದು ಆಕಾರ ಬೇಕಲ್ಲ! ಚಪ್ಪಲಿ ಸ್ಟ್ಯಾಂಡಿನ ಮೇಲೆ, ಮಗಳ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟು ಅವಳು ಬಿಚ್ಚಿಯೂ ನೋಡದ ಒಂದು ಡಬ್ಬಿಯಿತ್ತು. ದಪ್ಪದಲ್ಲಿ ಲ್ಯಾಪ್‌ಟಾಪಿಗೆ ಸರಿಯಾಗಿ ಹೊಂದುತ್ತಿತ್ತು. ಅದನ್ನು ಒಳಗೆ ತುರುಕಿದೆ. ಗಿಳಿ ನನ್ನ ಪಾಲಿಗೆ ಬಂದದ್ದು ಹೀಗೆ.

ಮೊದಲ ಎರಡು ದಿನ ಅಭ್ಯಾಸಬಲದಿಂದ ಪೆರುಂಗುಡಿಯ ಬಸ್ಸನ್ನೇ ಹತ್ತಿದೆ. ಅಲ್ಲಿ ಟೀ ಅಂಗಡಿಯಲ್ಲಿ ಹಳೆಯ ಸಹೋದ್ಯೋಗಿಯೊಬ್ಬನ ಬೆನ್ನು ಕಂಡು ಗೋಡೆಯ ಮರೆಗೆ ಸರಿದೆ. ಮೂರನೆಯ ದಿನ ಪೋರೂರು ಕೆರೆಯ ದಂಡೆಗೆ ಹೋದೆ. ಹತ್ತು ಗಂಟೆಗೇ ಬಿಸಿಲು ತಲೆ ಸುಟ್ಟಿತು. ಕೊನೆಗೆ ಹೊಳೆದದ್ದು ಆಸ್ಪತ್ರೆ. ನಮ್ಮಲ್ಲಿ ದೊಡ್ಡ ಆಸ್ಪತ್ರೆಗಳಿಗೇನೂ ಕಡಿಮೆಯಿಲ್ಲ. ತಣ್ಣಗಿನ ಹಜಾರ, ಕುಡಿಯುವ ನೀರು, ಕ್ಯಾಂಟೀನು, ಎಲ್ಲವೂ ಇವೆ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಮುಖ ಬಾಡಿಸಿಕೊಂಡು ಕುಳಿತವನನ್ನು ಯಾಕೆ ಹೀಗೆ ಕೂತಿದ್ದೀಯ ಎಂದು ಯಾರೂ ಕೇಳುವುದಿಲ್ಲ. ಕೆಳಗಿನ ಮಹಡಿಗೆ ಜ್ವರ ಕೆಮ್ಮೆಂದು ಪರಿಚಯದವರು ಬಂದಾರು ಎಂಬ ಭಯಕ್ಕೆ ಮೂರನೆಯ ಮಹಡಿಗೆ ಹೋದೆ. ಅದು ಡಯಾಲಿಸಿಸ್ ವಿಭಾಗ. ಅಲ್ಲಿಗೆ ಬರುವವರು ಬರುತ್ತಲೇ ಇರುತ್ತಾರೆ, ಹೊಸಬರು ಕಡಿಮೆ.

ಮೊಬೈಲಿನಲ್ಲಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ. ಒಂದೆರಡು ಕಡೆಯಿಂದ ಫೋನು ಬಂದಾಗ ಮೆಟ್ಟಿಲಿನ ಬಳಿ ಹೋಗಿ ಉತ್ಸಾಹದ ದನಿಯಲ್ಲಿ ಮಾತಾಡಿದೆ. ನನ್ನ ಅನುಭವ ಅವರಿಗೆ ಹೆಚ್ಚಾಯಿತಂತೆ. ಇಡೀ ದಿನ ಮೊಬೈಲು ನೋಡಿದರೂ ಸಂಜೆಯಾಗುವುದಿಲ್ಲ. ಮುಂದಿನ ವಾರದ ಶುಕ್ರವಾರ ಬೇರೇನೂ ತೋಚದೆ ಬ್ಯಾಗಿನಿಂದ ಡಬ್ಬಿ ತೆಗೆದೆ. ಐವತ್ತು ಜನರ ಪ್ರಾಜೆಕ್ಟುಗಳನ್ನು ನಡೆಸಿದವನು ನಾನು, ಅಂಗೈಯಗಲದ ಇದೇನು ಮಹಾ ಎಂದುಕೊಂಡೆ. ದಿನಕ್ಕೆಷ್ಟು ಸಾಲು ಎಂದು ಲೆಕ್ಕಹಾಕಿ, ನಾಲ್ಕು ದಿನದ ಗಡುವನ್ನೂ ಇಟ್ಟುಕೊಂಡೆ.

ನೂಲು ಸೂಜಿಯ ಕಣ್ಣಿಗೆ ಹೋಗಲು ಅರ್ಧ ಗಂಟೆ ಬೇಕಾಯಿತು. ಹೋದ ನೂಲು ಮೂರನೆಯ ಹೊಲಿಗೆಗೆ ಗಂಟು ಬಿತ್ತು. ಬಿಡಿಸಲು ಹೋದರೆ ಉಣ್ಣೆ ಪಿಂಜಿ ಹತ್ತಿಯಂತಾಯಿತು. "ಥೂ, ಹಾಳಾದ್ದೇ, ನಿನ್ನ ಮನೆ ಕಾಯ" ಎಂದು ಗಿಳಿಗೆ ಬೈದೆ.

"ಕನ್ನಡದಲ್ಲಿ ಬೈದ್ರಿ. ಹಾಗಾದ್ರೆ ನಮ್ಮವರೇ!" ಎಂದು ಪಕ್ಕದಿಂದ ದನಿ ಬಂತು. "ಗಿಳಿ ಎಂತ ಮಾಡಿದೆ ಪಾಪ, ಅದಕ್ಕೆ ಯಾಕೆ ಬೈತೀರಿ?"

ಅರವತ್ತು ದಾಟಿದ ಹೆಂಗಸು. ಹತ್ತಿಯ ಸೀರೆ, ಮಡಿಲಲ್ಲಿ ಸ್ಟೀಲಿನ ಟಿಫಿನ್ ಕ್ಯಾರಿಯರ್. ಹೆಸರು ಗಿರಿಜಾ ಎಂದರು. ನಾನು ಗಿರಿಜಕ್ಕ ಎಂದು ಕರೆಯತೊಡಗಿದೆ. ಉಡುಪಿಯ ಕಡೆಯವರು, ಮದುವೆಯಾಗಿ ಬಂದು ನಲವತ್ತು ವರ್ಷದಿಂದ ಕ್ರೋಂಪೇಟೆಯಲ್ಲಿದ್ದಾರೆ. ಸ್ಟೇಷನ್ನಿನ ಹತ್ತಿರ ಅವರ ಗಂಡನದು ಸಣ್ಣ ಹೋಟೆಲು. ಈಗ ಮೈದುನ ನೋಡಿಕೊಳ್ಳುತ್ತಾರೆ. ಗಂಡನಿಗೆ ಎರಡೂ ಕಿಡ್ನಿ ಹೋಗಿವೆ. ಸೋಮವಾರ, ಬುಧವಾರ, ಶುಕ್ರವಾರ ಅಷ್ಟು ದೂರದಿಂದ ಆಟೋದಲ್ಲಿ ಬಂದು ನಾಲ್ಕು ಗಂಟೆ ಹೊತ್ತು ಒಳಗಿರಬೇಕು.

"ಒಳಗೆ ನಿಮ್ಮವರು ಯಾರು?" ಎಂದು ಕೇಳಿದರು.

ಆ ಪ್ರಶ್ನೆ ಒಂದು ದಿನ ಬಂದೇ ಬರುತ್ತದೆಂದು ನನಗೆ ಗೊತ್ತಿರಬೇಕಿತ್ತು. ಯಾರೂ ಇಲ್ಲ ಎನ್ನಬಹುದಿತ್ತು. ಗೆಳೆಯ ಎನ್ನಬಹುದಿತ್ತು. "ಹೆಂಡತಿ" ಎಂದೆ.

"ಅಯ್ಯೋ ಕಡವುಳೇ. ಎಂತ ಆಗಿದೆ?"

"ಐದನೇ ಮಹಡಿಯಲ್ಲಿ ಅಡ್ಮಿಟ್ ಮಾಡಿದ್ದೀವಿ, ಬೇರೆಯವರನ್ನ ಒಳಗೆ ಬಿಡಲ್ಲ. ಟೆಸ್ಟ್ ಮಾಡ್ತಿದ್ದಾರೆ. ಇನ್ನೂ ಸರಿಯಾಗಿ ಗೊತ್ತಾಗಿಲ್ಲ."

ಅವರು ಮಡಿಲಿನ ಕ್ಯಾರಿಯರನ್ನು ಪಕ್ಕಕ್ಕಿಟ್ಟರು. ಆಮೇಲೆ ನನ್ನ ಕೈಯಿಂದ ಜಾಲರಿ ಬಟ್ಟೆಯನ್ನು ತೆಗೆದುಕೊಂಡು, "ಈ ಗಿಳಿ ಅವರಿಗಾ?" ಎಂದರು. ಹೌದೆಂದೆ. ಸುಳ್ಳಿನ ಮೊದಲ ಮೆಟ್ಟಿಲು ಇಳಿದ ಮೇಲೆ ಎರಡನೆಯದು ಕಾಲಿಗೆ ತಾನಾಗಿ ಸಿಗುತ್ತದೆ.

ಅಂದಿನಿಂದ ನನ್ನ ಪಾಠ ಶುರುವಾಯಿತು. ಗಿರಿಜಕ್ಕ ಚಿಕ್ಕಂದಿನಲ್ಲಿ ಶಾಲೆಯ ಹೊಲಿಗೆ ಟೀಚರಿಂದ ಇದನ್ನೆಲ್ಲ ಕಲಿತವರು. ಮೊದಲ ವಾರ ನಾನು ಅಡ್ಡಸಾಲಾಗಿ ಹೊಲಿಯುತ್ತಾ ಹೋಗಿದ್ದೆ, ಅದೂ ನೂಲನ್ನು ಜಗ್ಗಿ ಜಗ್ಗಿ. ಚೌಕವಾಗಿದ್ದ ಬಟ್ಟೆ ಗಾಳಿಪಟದಂತೆ ಓರೆಯಾಯಿತು. ಗಿಳಿ ಕುಡಿದವನ ಹಾಗೆ ಒಂದು ಪಕ್ಕಕ್ಕೆ ವಾಲಿ ನಿಂತಿತು.

"ಎಂತ ಮಾರಾಯ್ರೆ, ಬಾವಿಯಿಂದ ನೀರು ಸೇದುವ ಹಾಗೆ ಎಳೀತೀರಲ್ಲ! ಅಡ್ಡಕ್ಕೆ ಹೋಗ್ಬೇಡಿ. ಮೆಟ್ಟಿಲು ಇಳಿದ ಹಾಗೆ ಮೂಲೆಯಿಂದ ಮೂಲೆಗೆ ಹೋಗಿ. ಹಿಂದುಗಡೆ ಚಾಪೆ ಹೆಣೆದ ಹಾಗೆ ಕಾಣ್ಬೇಕು."

ಹಿಂದುಗಡೆ ತಿರುಗಿಸಿ ನೋಡಿದರೆ ನನ್ನದು ಕಾಗೆ ಗೂಡಿನ ಹಾಗಿತ್ತು. "ಬಿಚ್ಚಿ" ಎಂದರು. ಐದು ದಿನದ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಬಿಚ್ಚಿದೆ. ಬಿಚ್ಚಿದ ಉಣ್ಣೆ ಮತ್ತೆ ಕೆಲಸಕ್ಕೆ ಬರುವುದಿಲ್ಲ ಎಂಬುದು ಬಿಚ್ಚಿದ ಮೇಲೆ ತಿಳಿಯಿತು. ಹಸಿರು ನೂಲು ಅರ್ಧವಾಗಿತ್ತು. ಕೈ ಮಡಿಲಿಗೆ ಬಿತ್ತು. ನಿಮಗೆ ನಗು ಬರಬಹುದು, ಆದರೆ ಕೆಲಸ ಹೋದ ದಿನ ಬಾರದ ಅಳು ಆ ಪಿಂಜಿದ ಹಸಿರು ಉಂಡೆಯನ್ನು ನೋಡಿ ಬಂತು. ಬೆಳಿಗ್ಗೆಯಿಂದ ಸಂಜೆಯವರೆಗೆ ಗಂಡಸೊಬ್ಬ ಕೂತು ಮಾಡಿದ್ದು ಇಷ್ಟು, ಇದೂ ನೆಟ್ಟಗಿಲ್ಲ. ಗಿರಿಜಕ್ಕ ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡರು. ಬೆನ್ನ ಮೇಲೆ ಕೈಯಿಟ್ಟು, "ಹುಷಾರಾಗ್ತಾರೆ. ಹೆದರ್ಬೇಡಿ. ನಾನು ಹೇಳ್ತೇನೆ, ಹುಷಾರಾಗ್ತಾರೆ" ಎಂದರು.

ಅವರ ಗಂಡನನ್ನು ಗಾಲಿಕುರ್ಚಿಯಲ್ಲಿ ಹೊರಗೆ ತಳ್ಳಿಕೊಂಡು ಬರುವಾಗ ಪ್ರತಿ ಸಲವೂ ಆ ಯಜಮಾನರೇ ನನ್ನ ಮುಂದೆ ಒಂದು ಗಳಿಗೆ ನಿಲ್ಲಿಸಲು ಹೇಳುತ್ತಿದ್ದರು. ಮೂವತ್ತೈದು ವರ್ಷ ದೋಸೆ ಕಲ್ಲಿನ ಮುಂದೆ ನಿಂತ ಮನುಷ್ಯ. ಮುಂಗೈಯ ಮೇಲೆ ಎಣ್ಣೆ ಸಿಡಿದ ಹಳೆಯ ಕಲೆಗಳು, ಅವುಗಳ ಪಕ್ಕದಲ್ಲಿ ಸೂಜಿ ಚುಚ್ಚಿದ ಹೊಸ ಪ್ಲಾಸ್ಟರು. ದನಿ ಏಳುತ್ತಿರಲಿಲ್ಲ. ಆದರೂ, "ಹಾರಿತಾ ಗಿಳಿ?" ಎಂದು ಕೇಳುತ್ತಿದ್ದರು. ಇನ್ನೂ ರೆಕ್ಕೆ ಬಂದಿಲ್ಲ ಎಂದರೆ ನಗುತ್ತಿದ್ದರು. ಆಮೇಲೆ ತಪ್ಪದೆ, "ನಿಮ್ಮವರಿಗೆ ಇವತ್ತು ಹೇಗುಂಟು?" ಎನ್ನುತ್ತಿದ್ದರು. ನಾಲ್ಕು ಗಂಟೆ ರಕ್ತ ತೊಳೆಸಿಕೊಂಡು ಬಂದವರು ನನ್ನ ಗಟ್ಟಿಮುಟ್ಟಾದ ಹೆಂಡತಿಯ ಆರೋಗ್ಯ ವಿಚಾರಿಸುತ್ತಿದ್ದರು. "ಪರವಾಗಿಲ್ಲ" ಎಂದು ನಾನು ಜಾಲರಿಯ ಕಿಂಡಿ ನೋಡುತ್ತಿದ್ದೆ.

ಮೂರನೆಯ ವಾರ ಗಿರಿಜಕ್ಕ ಒಂದು ಡಬ್ಬಿ ಹೆಚ್ಚಿಗೆ ತಂದರು. "ಕುಚ್ಚಲಕ್ಕಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ನಿಮ್ಮವರಿಗೆ ಕೊಡಿ. ಆಸ್ಪತ್ರೆ ಊಟ ನಾಲಿಗೆಗೆ ಹಿಡಿಸುದಿಲ್ಲ." ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅದನ್ನು ಹಿಡಿದು ಎಲ್ಲಿಗೆ ಹೋಗಲಿ? ಐದನೆಯ ಮಹಡಿಗೆ ಹತ್ತಿ, ಮೆಟ್ಟಿಲಿನ ತಿರುವಿನಲ್ಲಿ ಕುಳಿತು ನಾನೇ ತಿಂದೆ. ಚೆಲ್ಲಿದ್ದರೆ ಪಾಪ ಕಡಿಮೆಯಾಗುತ್ತಿತ್ತೋ ಹೆಚ್ಚಾಗುತ್ತಿತ್ತೋ, ಗೊತ್ತಾಗಲಿಲ್ಲ. ಬಹಳ ರುಚಿಯಾಗಿತ್ತು. ಅದೇ ಸಂಕಟ. ಡಬ್ಬಿ ತೊಳೆದು ತಂದು ಕೊಟ್ಟು, "ಪೂರ್ತಿ ತಿಂದಳು" ಎಂದೆ. "ಬಾಯಿರುಚಿ ಬಂತಲ್ಲ, ಇನ್ನು ಹೆದರಿಕೆ ಇಲ್ಲ" ಎಂದು ಅವರು ಹಿಗ್ಗಿದರು. ಆಮೇಲೆ ವಾರಕ್ಕೆ ಮೂರು ದಿನ ಗಂಜಿ ಬಂತು.

ಹೆಸರು ಕೇಳಿದರು, ವಿನುತ ಎಂದೆ. ನಕ್ಷತ್ರ ಕೇಳಿದರು, ಚಿತ್ತಾ ಎಂದೆ. ಅಲ್ಲಾದರೂ ಬೇರೆ ಯಾವುದಾದರೂ ಹೆಸರು ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಸುಳ್ಳುಗಾರನಿಗೂ ಎಲ್ಲೋ ಒಂದು ಕಡೆ ನಿಜ ಹೇಳುವ ಆಸೆಯಾಗುತ್ತದೆ, ಅದೂ ತಪ್ಪು ಜಾಗದಲ್ಲಿ. ಮುಂದಿನ ಶುಕ್ರವಾರ ಅವರು ಕಾಗದದ ಪೊಟ್ಟಣದಲ್ಲಿ ಕುಂಕುಮ ತಂದರು. ವಿನುತಾಳ ಆಯುಸ್ಸಿಗೆಂದು ದೇವಸ್ಥಾನದಲ್ಲಿ ಅರ್ಚನೆ ಮಾಡಿಸಿದ್ದರು. ಸಂಜೆ ಮನೆಗೆ ಬಂದರೆ ವಿನುತ ಫ್ಯಾನು ಆರಿಸದೆ ಹೋದದ್ದಕ್ಕೆ ಮಗಳನ್ನು ತಾರಸಿ ಹಾರುವಂತೆ ಬೈಯುತ್ತಿದ್ದಳು. ಆ ದನಿ ಕೇಳಿ ನೆಮ್ಮದಿಯಾಯಿತು. ಕುಂಕುಮವನ್ನು ಬ್ಯಾಗಿನ ಒಳಜೇಬಿನಲ್ಲೇ ಉಳಿಸಿದೆ.

ಐದನೆಯ ವಾರ ಅವಳಿಗೆ ನೆಗಡಿ ಹಿಡಿಯಿತು. ಬರೀ ನೆಗಡಿ. ನಾನು ಬಾಯಲ್ಲಿ ಆಡಿದ್ದೇ ಅವಳ ಮೈಗೆ ಬಂತೇನೋ ಅನಿಸಿತು. ಕಷಾಯ ಕಾಯಿಸಿದೆ, ಹಬೆ ಕೊಡಿಸಿದೆ, ಡಾಕ್ಟರ ಹತ್ತಿರ ಹೋಗೋಣ ಎಂದು ಬಲವಂತ ಮಾಡಿದೆ.

"ಏನ್ರೀ ಇಷ್ಟೊಂದು ಉಪಚಾರ?" ಎಂದು ಮೂಗು ಒರೆಸಿಕೊಳ್ಳುತ್ತಾ ನನ್ನ ಮುಖವನ್ನೇ ನೋಡಿದಳು. "ಆಫೀಸಲ್ಲಿ ಏನಾದ್ರೂ ಆಗಿದೆಯಾ?"

ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗುವಂತಿರಲಿಲ್ಲ. "ಏನಿಲ್ಲ" ಎಂದೆ.

ಏಳನೆಯ ವಾರದ ಹೊತ್ತಿಗೆ, ಗಿರಿಜಕ್ಕ ತಂದುಕೊಟ್ಟ ಹಸಿರು ನೂಲೂ ಸೇರಿ, ಗಿಳಿಯ ಮೈ ತುಂಬಿತ್ತು. ಕಣ್ಣು ಆಗಿತ್ತು. ಕೊಕ್ಕಿಗೆ ಕೆಂಪು ಸಾಲಲಿಲ್ಲ. ಅದನ್ನೂ ಎರಡು ಸಲ ಬಿಚ್ಚಿ ಕಳೆದಿದ್ದೆ. ಗಿರಿಜಕ್ಕ ಹಿಂದಿನ ಶುಕ್ರವಾರ, "ನಮ್ಮಲ್ಲಿ ಕೆಂಪು ಉಲ್ಲನ್ ಉಂಟು, ಸೋಮವಾರ ತರ್ತೇನೆ" ಎಂದಿದ್ದರು. ಸೋಮವಾರ ಅವರ ಕುರ್ಚಿ ಖಾಲಿಯಿತ್ತು. ಬುಧವಾರವೂ ಬರಲಿಲ್ಲ. ಅವರ ಫೋನ್ ನಂಬರು ನನ್ನಲ್ಲಿರಲಿಲ್ಲ. ಕೊಡುತ್ತೇನೆಂದಾಗ ನಾನೇ ಮಾತು ಮರೆಸಿದ್ದೆ. ಮಧ್ಯಾಹ್ನ ನರ್ಸ್ ಒಬ್ಬಳು ಹೊರಬಂದಾಗ ಕೇಳಿದೆ.

"ಅವರಾ? ಸಂಡೇ ತವರಿಟ್ಟಾರ್ ಸಾರ್" ಎಂದಳು. ಭಾನುವಾರವೇ ತೀರಿಕೊಂಡಿದ್ದರು. ಆಮೇಲೆ ಅವಳು ನನ್ನ ಕೈಯಲ್ಲಿದ್ದ ಸೂಜಿ, ಬಟ್ಟೆ ನೋಡಿ, ಸಿಟ್ಟಿಲ್ಲದೆಯೇ ಕೇಳಿದಳು: "ದಿನಾ ಪಾಕ್ಕುರೇನ್. ನೀಂಗ ಯಾರೋಡ ಅಟೆಂಡರ್ ಸಾರ್?" ದಿನವೂ ನೋಡುತ್ತೇನೆ, ನೀವು ಯಾರ ಕಡೆಯವರು ಎಂದು.

ನಾನು ಯಾರ ಕಡೆಯವನೂ ಆಗಿರಲಿಲ್ಲ. ಬಟ್ಟೆಯನ್ನು ಬ್ಯಾಗಿಗೆ ತುರುಕಿ ಕೆಳಗಿಳಿದೆ.

ಮರುದಿನ ಕ್ರೋಂಪೇಟೆಗೆ ಹೋದೆ. ರೈಲಿನಲ್ಲಿ ಕುಳಿತು ಮಾತನ್ನು ಜೋಡಿಸಿಕೊಂಡೆ: ಗಿರಿಜಕ್ಕ, ನನ್ನ ಹೆಂಡತಿಗೆ ಏನೂ ಆಗಿಲ್ಲ, ನಾನು ಸುಳ್ಳುಗಾರ, ಕ್ಷಮಿಸಿ. ಸ್ಟೇಷನ್ನಿನ ಹತ್ತಿರ ವಿಚಾರಿಸಿದ ಕೂಡಲೇ ಹೋಟೆಲು ಸಿಕ್ಕಿತು. ಷಟರು ಎಳೆದಿತ್ತು. ಮೇಲಿನ ಮಹಡಿಯಲ್ಲೇ ಮನೆ. ಮೈದುನ ಬಾಗಿಲು ತೆಗೆದು ಒಳಗೆ ಕರೆದರು. ಗಿರಿಜಕ್ಕ ಗೋಡೆಗೆ ಒರಗಿ ಚಾಪೆಯ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಮೊದಲು ಕೇಳಿದ್ದು, "ವಿನುತ ಹೇಗಿದ್ದಾರೆ?"

ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. "ಹುಷಾರಾದಳು. ಮನೆಗೆ ಕರ್ಕೊಂಡು ಬಂದೆ" ಎಂದೆ. ಸುಳ್ಳನ್ನು ಮುಗಿಸಿಬಿಡೋಣ ಎಂದು ಹೇಳಿದ ಮಾತು ಅದು.

ಅವರ ಕಣ್ಣು ತುಂಬಿತು. "ಒಬ್ಬರಾದ್ರೂ ನಡ್ಕೊಂಡು ಹೊರಗೆ ಬಂದ್ರಲ್ಲ" ಎಂದರು. "ಇವರು ಶನಿವಾರ ಸಹ ಕೇಳಿದ್ರು, ಆ ಗಿಳಿ ಮಾಡುವವರ ಹೆಂಡತಿಗೆ ಹೇಗುಂಟಂತೆ ಅಂತ. ಸ್ವಲ್ಪ ಗಟ್ಟಿಯಾದ ಮೇಲೆ ಒಮ್ಮೆ ಕರ್ಕೊಂಡು ಬನ್ನಿ. ನನಗೆ ಅವರನ್ನು ನೋಡ್ಬೇಕು."

ಆ ಸಂಜೆ ವಿನುತ ಊಟದ ಮೇಜಿನ ಮೇಲೆ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಎದುರು ಕುಳಿತು ಹೇಳಿದೆ. ಮೊದಲು ಕೆಲಸದ ವಿಷಯ. ಅವಳು ಪೆನ್ನು ಕೆಳಗಿಟ್ಟಳು. "ಕೆಲಸ ತಾನೇ" ಎಂದಳು. ನನ್ನ ಕೈಮೇಲೆ ಕೈಯಿಟ್ಟಳು. "ಇನ್ನೊಂದು ಹುಡುಕಿದ್ರಾಯ್ತು. ನನಗೆ ಹೇಳೋಕೆ ಏನಾಗಿತ್ತು ನಿಮಗೆ? ದಿನಾ ಬೆಳಗ್ಗೆ ಎಲ್ಲಿಗೆ ಹೋಗ್ತಿದ್ರಿ?"

ಅಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದಿದ್ದೆ. ಆದರೆ ಇನ್ನು ಸುಳ್ಳು ಬೇಡವೆಂದು ಎಲ್ಲವನ್ನೂ ಹೇಳಿದೆ: ಆಸ್ಪತ್ರೆ, ಗಿಳಿ, ಗಿರಿಜಕ್ಕ, ಟೆಸ್ಟು, ಗಂಜಿ, ಅರ್ಚನೆ. ಹೇಳುತ್ತಾ ಹೋದಂತೆ ನನ್ನ ಕೈಮೇಲಿದ್ದ ಕೈ ಹಿಂದಕ್ಕೆ ಸರಿಯಿತು.

"ನನ್ನ ಹತ್ರ ಒಂದು ಮಾತು ಹೇಳೋದಕ್ಕಿಂತ," ಎಂದು ಬಹಳ ನಿಧಾನವಾಗಿ ಕೇಳಿದಳು, "ನನಗೆ ಕಾಯಿಲೆ ಬರಿಸೋದು ನಿಮಗೆ ಸುಲಭ ಆಯ್ತಾ?"

ಅವಳು ಎದ್ದು ಒಳಗೆ ಹೋದಳು. ಮೇಘನ ಹೊರಗೆ ಬಂದು, "ಎನ್ನಾಚ್ಚು ಪಾ?" ಎಂದಳು. ಏನಾಯಿತೆಂದು ಅವಳಿಗೂ ಹೇಳಲಾಗಲಿಲ್ಲ.

ಎರಡು ದಿನ ವಿನುತ ಸರಿಯಾಗಿ ಉಣ್ಣಲಿಲ್ಲ, ಮಾತಾಡಲಿಲ್ಲ. ನಾನು ಗಿರಿಜಕ್ಕ ಹೇಳಿಕೊಟ್ಟಿದ್ದ ಹಾಗೆ ಗಿಳಿಯನ್ನು ಒದ್ದೆ ಮಾಡಿ, ಮಗಳ ಹಳೆಯ ಡ್ರಾಯಿಂಗ್ ಹಲಗೆಯ ಮೇಲೆ ಎಳೆದು ಚೌಕಕ್ಕೆ ತಂದು, ಸುತ್ತಲೂ ಸಣ್ಣ ಮೊಳೆ ಹೊಡೆದು ಒಣಗಲಿಟ್ಟೆ. ಮೊಳೆ ಕಿತ್ತ ಕೂಡಲೇ ಅದು ಮತ್ತೆ ಹಳೆಯ ಓರೆಗೇ ತಿರುಗಿತು. ಭಾನುವಾರ ಬೆಳಿಗ್ಗೆ ವಿನುತ ಸೀರೆಯುಟ್ಟು ಬಂದು ನಿಂತಳು. "ಹೊರಡಿ. ಆಕೆಗೆ ನಿಜ ಹೇಳಿ ಬರೋಣ. ನೀವು ಹೇಳಲ್ಲ, ನಾನೇ ಹೇಳ್ತೀನಿ. ನನ್ನ ಹೆಸರಲ್ಲಿ ಯಾರೋ ಅರ್ಚನೆ ಮಾಡಿಸ್ಕೊಂಡು ಕೂರೋದು ನನಗೆ ಬೇಡ." ಬಾಗಿಲು ದಾಟುವಾಗ, "ಆ ಗಿಳೀನೂ ತಗೊಳ್ಳಿ" ಎಂದಳು.

ಗಿರಿಜಕ್ಕ ನಮ್ಮನ್ನು ಕಂಡು ಚಾಪೆಯಿಂದ ಎದ್ದರು. ವಿನುತಾಳ ಎರಡೂ ಕೈ ಹಿಡಿದು, ಕೂರಿಸಿ, ಅವಳ ಕೆನ್ನೆ ಮುಟ್ಟಿ ನೋಡಿದರು. ಮೂರು ರಾತ್ರಿ ನಿದ್ದೆಯಿಲ್ಲದ ಮುಖ. ಕಣ್ಣ ಕೆಳಗೆ ಕಪ್ಪಿತ್ತು.

"ಎಷ್ಟು ಸೊರಗಿದ್ದೀರಿ ಮಗಾ" ಎಂದರು. "ಈ ಹೊತ್ತಿನಲ್ಲಿ ಯಾಕೆ ಬರ್ಲಿಕ್ಕೆ ಹೋದ್ರಿ, ಸುಸ್ತಾಗುದಿಲ್ವಾ?"

ವಿನುತ ಬಾಯಿ ತೆರೆದಳು. ನಾನು ನೆಲ ನೋಡುತ್ತಾ ಕಾದೆ.

"ನಿಮ್ಮನ್ನ ನೋಡ್ಬೇಕು ಅನ್ನಿಸ್ತು" ಎಂದಳು.

"ಈಗ ಹೇಗುಂಟು?"

ವಿನುತ ಅವರ ಕೈ ಹಿಡಿದುಕೊಂಡಳು. "ಈಗ ಪರವಾಗಿಲ್ಲ ಅಕ್ಕ. ಡಾಕ್ಟರು ಇನ್ನು ಭಯ ಇಲ್ಲ ಅಂದಿದ್ದಾರೆ."

"ಗಂಜಿ ಸೇರ್ತಾ ನಿಮಗೆ?"

"ತುಂಬ ಚೆನ್ನಾಗಿತ್ತು."

ಗಿರಿಜಕ್ಕ ಅತ್ತರು. ಗಂಡ ಹೋದ ಮೇಲೆ ಅವರು ಹಾಗೆ ಅತ್ತದ್ದು ಅದೇ ಮೊದಲು ಎಂದು ಮೈದುನ ಆಮೇಲೆ ನನಗೆ ಹೇಳಿದರು. ವಿನುತ ಅವರ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ಬೆನ್ನು ಸವರುತ್ತಾ ಕುಳಿತಳು. ಸ್ವಲ್ಪ ಸಮಾಧಾನವಾದ ಮೇಲೆ ಗಿರಿಜಕ್ಕ ಗಿಳಿಯನ್ನು ಕೇಳಿ ಈಸಿಕೊಂಡು, ಹಿಂದುಗಡೆ ತಿರುಗಿಸಿ ನೋಡಿದರು. "ನಿಮಗೇ ಅಂತ ಹೊಲೀತಾ ಕೂತಿದ್ರು. ಒಂದೊಂದು ಸಾಲನ್ನು ಎಷ್ಟು ಸಲ ಬಿಚ್ಚಿದ್ದಾರೆ ಗೊತ್ತುಂಟಾ! ಹೆಂಡತಿಗೋಸ್ಕರ ಹೀಗೆ ಕೂತ ಗಂಡಸನ್ನು ನಾನು ಎಲ್ಲಿಯೂ ನೋಡ್ಲಿಲ್ಲ" ಎಂದರು.

"ಹೌದು" ಎಂದಳು ವಿನುತ. ನನ್ನ ಕಡೆ ತಿರುಗಲಿಲ್ಲ. "ನೀವೇ ಇಟ್ಕೊಳ್ಳಿ ಅಕ್ಕ, ನಮ್ಮ ನೆನಪಿಗೆ." ಹೀಗೆ ಗಿಳಿ ಕೊಕ್ಕಿಲ್ಲದೆ ಕ್ರೋಂಪೇಟೆಯಲ್ಲೇ ಉಳಿಯಿತು.

ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ನಾನು, "ದೊಡ್ಡ ಉಪಕಾರ ಮಾಡಿದೆ" ಎಂದೆ.

"ನಿಮಗೋಸ್ಕರ ಹೇಳಲಿಲ್ಲ" ಎಂದಳು. ರೈಲು ಬಂತು. ಅವಳು ಹೆಂಗಸರ ಡಬ್ಬಿಗೆ ಹತ್ತಿದಳು, ನಾನು ಹಿಂದಿನದಕ್ಕೆ. ಗಿಂಡಿ ಸ್ಟೇಷನ್ನಿನಲ್ಲಿ ಇಳಿದು ಬಸ್ಸಿಗೆ ನಡೆಯುವಾಗ ಅವಳು ಹತ್ತು ಹೆಜ್ಜೆ ಮುಂದಿದ್ದಳು.

ಇದಾಗಿ ಎರಡು ತಿಂಗಳು. ಕೆಲಸ ಇನ್ನೂ ಸಿಕ್ಕಿಲ್ಲ. ಈಗ ನಾನು ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಇರುತ್ತೇನೆ. ಹಾಲು ಬಂತು ಎಂದು ನಾನು ಹೇಳಿದರೆ ವಿನುತ ಬಾಗಿಲು ತೆರೆದು ನೋಡುತ್ತಾಳೆ. ಮೇಘನ ಊಟ ಮಾಡಿದಳು ಎಂದರೆ ತಟ್ಟೆ ನೋಡುತ್ತಾಳೆ. ಜಗಳವಿಲ್ಲ. ಬೇಕಾದ ಮಾತುಗಳನ್ನೆಲ್ಲ ಆಡುತ್ತಾಳೆ, ಅಷ್ಟೇ.

ಪ್ರತಿ ಶುಕ್ರವಾರ ಸಂಜೆ ಗಿರಿಜಕ್ಕನ ಫೋನು ಬರುತ್ತದೆ, ಅಂದು ನಂಬರು ಕೊಟ್ಟು ಬಂದಿದ್ದ ವಿನುತಾಳ ಮೊಬೈಲಿಗೆ. ವಿನುತ ಅದನ್ನು ಹಿಡಿದು ಬಾಲ್ಕನಿಗೆ ಹೋಗುತ್ತಾಳೆ. ಅರ್ಧ ಗಂಟೆ ಮಾತಾಡುತ್ತಾಳೆ. "ಇಲ್ಲ ಅಕ್ಕ, ಈಗ ಸುಸ್ತಿಲ್ಲ. ಮಾತ್ರೆ ತಪ್ಪಿಸ್ತಿಲ್ಲ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀರಾ?" ಎನ್ನುವುದು ಕೇಳಿಸುತ್ತದೆ. ನಾನು ಒಳಗೆ ಟಿವಿಯ ದನಿ ತಗ್ಗಿಸಿ ಕುಳಿತಿರುತ್ತೇನೆ. ಮಾತಿನ ಅರ್ಥಕ್ಕಾಗಿ ಅಲ್ಲ. ಅಷ್ಟು ಮೆತ್ತಗಿನ ದನಿ ಈ ಮನೆಯಲ್ಲಿ ಈಗ ಆ ಅರ್ಧ ಗಂಟೆ ಮಾತ್ರ ಕೇಳಿಸುತ್ತದೆ.